ಅಚ್ಚು

ಮಂಡ್ಯದ ನೂರಡಿ ರಸ್ತೆಯಲ್ಲಿ
ಸೊಳ್ಳೆಬತ್ತಿ ಕೊಳ್ಳಲು ಅಂಗಡಿ ಹೊಕ್ಕಿದ್ದೆ.
ಗಾಜಿನಾಚೆ ಒಂದು ಕಿಲೋ ಬೆಲ್ಲದ ಪೊಟ್ಟಣ,
ಅದರ ಮೇಲೆ ನಾನು ತೆಗೆದ ಫೋಟೋ.
ಕೊಪ್ಪರಿಗೆಯ ಹಬೆಯಲ್ಲಿ ಅರ್ಧ ಕರಗಿದ ಮುಖ,
ಪಾಕ ತಿರುವುವ ಕೋಲು, ಎರಡು ಕೈ,
ಎಡಗೈ ಹೆಬ್ಬೆರಳಿಗೆ ಉಗುರಿಲ್ಲ.

ಕೆಳಮೂಲೆಯಲ್ಲಿ ನನ್ನ ಹೆಸರಿತ್ತು.
ಅಷ್ಟನ್ನು ಮಾತ್ರ ಚೊಕ್ಕವಾಗಿ ತೆಗೆದಿದ್ದರು,
ಕಬ್ಬಿನ ಸೋಗೆ ಸವರಿದ ಹಾಗೆ.
ಎಂಬತ್ತೈದು ರೂಪಾಯಿ ಕೊಟ್ಟು
ನನ್ನದನ್ನು ನಾನೇ ಕೊಂಡು ತಂದೆ.
ಸೊಳ್ಳೆಬತ್ತಿ ಮರೆತೆ.

ಪೊಟ್ಟಣದ ಹಿಂದಿನ ನಂಬರಿಗೆ ಫೋನು ಮಾಡಿದರೆ
ಎಳೆಯ ದನಿ, ಮರ್ಯಾದೆಯದೇ:
"ನೆಟ್ಟಲ್ಲಿ ಸಿಕ್ತು ಮೇಡಂ,
ಅಲ್ಲಿರೋದು ಎಲ್ಲರದ್ದೂ ಅಲ್ವಾ?"

ಆ ಹುಡುಗ ನಾಲೆ ನೋಡಿದ್ದಾನೋ ಇಲ್ಲವೋ.
ನಮ್ಮ ಕಡೆ ನೀರು ಊರ ಮುಂದೆಯೇ ಹರಿಯುತ್ತದೆ,
ಬಾಗಿಲಿಲ್ಲ, ಬೀಗವಿಲ್ಲ.
ಎಮ್ಮೆ ಮೀಯುತ್ತದೆ. ದಾರಿಹೋಕ
ಬೊಗಸೆ ತುಂಬಿ ಕುಡಿದರೆ ಯಾರೂ ಕೇಳುವುದಿಲ್ಲ.
ರಾತ್ರೋರಾತ್ರಿ ತೂಬೆತ್ತಿ
ಇಡೀ ಪಾಳಿಯನ್ನು ತನ್ನ ಗದ್ದೆಗೆ ತಿರುಗಿಸಿಕೊಂಡವನನ್ನು
ನೀರಗಂಟಿ ಹೆಸರು ಹಿಡಿದು ಕೂಗುತ್ತಾನೆ,
ಅವರಪ್ಪನ ಹೆಸರೂ ಸೇರಿಸಿ.

ಹೋದ ವರ್ಷ ಅರಕೆರೆಯ ಮೇಷ್ಟ್ರೊಬ್ಬರು
ಇದೇ ಫೋಟೋ ಇಳಿಸಿಕೊಂಡು
ಏಳನೇ ಕ್ಲಾಸಿನ ಗೋಡೆಗೆ ಅಂಟಿಸಿದ್ದರು.
ಹಬೆಯ ಕಡೆಗೊಂದು ಕೆಂಪು ಬಾಣ: ಆವಿಯಾಗುವಿಕೆ.
ಕೆಳಗೆ: ಚಿತ್ರ ಸುಗಣಾ ಸ್ಟುಡಿಯೋ, ಪಾಂಡವಪುರ.
ಅವರೂ ಕೇಳಿರಲಿಲ್ಲ.
ಸುಗುಣಾ ಅನ್ನುವುದನ್ನು ತಪ್ಪಾಗಿ ಬರೆದಿದ್ದರು ಬೇರೆ.
ಆದರೂ ಆ ಗೋಡೆಯ ಮುಂದೆ ನಿಂತು
ನಾನು ಸುಮ್ಮನೆ ನಕ್ಕಿದ್ದೆ.

ಕೋರ್ಟಿನ ಎದುರು, ಟೀ ಆರಿಸುತ್ತಾ,
ವಕೀಲೆ ನೂರ್‌ಜಬೀನ್ ಹೇಳಿದರು:
"ಪಾಠಕ್ಕೆ, ವಿಮರ್ಶೆಗೆ, ಸುದ್ದಿಗೆ ಅಂದ್ರೆ
ಕಾನೂನು ಒಂದಿಷ್ಟು ಸಡಿಲ ಬಿಡುತ್ತೆ.
ಎಷ್ಟು ತಗೊಂಡ, ಯಾತಕ್ಕೆ ತಗೊಂಡ,
ಅದರಿಂದ ನಿಮ್ಮ ಅನ್ನಕ್ಕೆ ಕಲ್ಲು ಬಿತ್ತಾ, ಅದನ್ನ ನೋಡ್ತಾರೆ.
ಇದು ಬರೀ ವ್ಯಾಪಾರ. ನೋಟೀಸು ಕೊಡೋಣ."
ಆಮೇಲೆ ಕನ್ನಡಕದ ಮೇಲಿಂದ ನೋಡಿ,
"ಅಂದ್ಹಾಗೆ, ಫೋಟೋದಲ್ಲಿರೋರನ್ನ
ನೀವು ಕೇಳಿದ್ರಾ?"

ಬಸ್ಸು ಇಳಿದು ಆಲೆಮನೆಗೆ ನಡೆದೆ.
ಒಲೆಗೆ ಒಣ ಸಿಪ್ಪೆ ತಳ್ಳುತ್ತಿದ್ದವನು
ಕೈ ಒರೆಸಿಕೊಂಡು ಪೊಟ್ಟಣ ಇಸಿದುಕೊಂಡ.
ತನ್ನ ಮುಖ ನೋಡಲಿಲ್ಲ,
ಮೂಸಿ ನೋಡಿದ. ಒಂದು ಚೂರು ಮುರಿದು
ನಾಲಗೆಗಿಟ್ಟು ಉಗಿದ.
"ಇದು ನಮ್ ಬೆಲ್ಲ ಅಲ್ಲ ಕಣವ್ವ.
ಏನೋ ಹಾಕವ್ರೆ, ಬಣ್ಣ ನೋಡು, ಮಿರಮಿರ ಅಂತದೆ.
ಇದ್ರ ಮ್ಯಾಲೆ ನನ್ ಮೊಕ ಯಾಕಿಟ್ಟವ್ರೆ?
ನಾಳೆ ಯಾರಿಗಾದ್ರೂ ಹೊಟ್ಟೆ ಕೆಟ್ರೆ
ನನ್ನ ಬಯ್ಯಾಕಿಲ್ವಾ?"

ಹೆಸರು ಹೋಯಿತೆಂದು ಮೂರು ದಿನ
ನಿದ್ದೆಗೆಟ್ಟವಳು ನಾನು.
ಮುಖ ಹೋದವನು ಇಲ್ಲಿ ಒಲೆ ಮುಂದಿದ್ದ.

"ಅವತ್ತು ನಿನ್ನ ಕೇಳದೆ ತೆಗೆದೆ" ಅಂದೆ.
ಅವನು ಕೇಳಿಸಿಕೊಂಡನೋ ಇಲ್ಲವೋ,
ಪಾಕ ಹದಕ್ಕೆ ಬಂದಿತ್ತು.
ಅಚ್ಚುಮಣೆಯ ಗುಳಿಗಳಿಗೆ ಸುರಿಯುತ್ತಾ ಹೋದ,
ಗುಳಿಯಿಂದ ಗುಳಿಗೆ, ಒಂದು ಹನಿ ಹೊರಗೆ ಬೀಳದ ಹಾಗೆ.
"ಮಣೆ ನಮ್ಮಪ್ಪ ಕೆತ್ತಿದ್ದು" ಅಂದ,
ನಾನು ಕೇಳದಿದ್ದರೂ.
ಕೊಪ್ಪರಿಗೆಯ ತಳ ಕೆರೆದು
ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಮೆತ್ತಿ ಕೊಟ್ಟ.
ಆಲೆಮನೆಗೆ ಬಂದವರಿಗೆ ಅಷ್ಟು ಕೊಡುತ್ತಾರೆ,
ಯಾರಾದರೂ ಸರಿ, ಲೆಕ್ಕ ಬರೆಯುವುದಿಲ್ಲ.
ಅಚ್ಚುಗಳನ್ನು ಮಾತ್ರ ಎಣಿಸಿ ಇಡುತ್ತಾರೆ.

ನೋಟೀಸಿನ ಕರಡು ಚೀಲದಲ್ಲಿತ್ತು.
ನನ್ನ ಹೆಸರಿನ ಪಕ್ಕ ಜಾಗ ಬಿಟ್ಟು
ಅವನ ಪೂರ್ತಿ ಹೆಸರು ಕೇಳಿದೆ.
"ರೇಷನ್ ಕಾರ್ಡಲ್ಲಿ ಸಿಂಗರಿಗೌಡ ಅಂತ ಗೀಚವ್ರೆ.
ನೀನು ಸಿಂಗ್ರಿಗೌಡ ಅಂತ್ಲೇ ಬರಿ.
ಎಲ್ಲಿ, ಓದು ನೋಡಾಣ."

ಓದಿದೆ.
"ಇನ್ನೊಂದ್ ಸಲ" ಅಂದ.